ಎರಡು ಸಲ ಕೇಳಿದ ಪಾಸ್‌ವರ್ಡ್

‘ನಿಮ್ಮ ರಾಜೀನಾಮೆ ಸ್ವೀಕರಿಸಲಾಗಿದೆ.’

ನಾಗರತ್ನಾ ಹೆಡ್ ಆಫೀಸಿನಿಂದ ಬಂದ ಫ್ಯಾಕ್ಸ್ ಹಾಳೆಯನ್ನು ಮತ್ತೆ ಓದಿದಳು. ಲಕಮನಹಳ್ಳಿಯ ಪಂಪ್ ಕಾರ್ಖಾನೆಗೆ ಅವಳು ಮ್ಯಾನೇಜರ್ ಆಗಿ ಎರಡೇ ವಾರ. ರಾಜೀನಾಮೆ ಅವಳು ಕೊಟ್ಟೇ ಇರಲಿಲ್ಲ. ಪತ್ರ ಮಾತ್ರ ಅವಳದೇ ಇ-ಮೇಲ್‌ನಿಂದ ಹೋಗಿತ್ತು.

2007ರ ಜೂನ್. ಅವಳ ದೂರಿನ ಮೇಲೆ ಸಬ್ ಇನ್‌ಸ್ಪೆಕ್ಟರ್ ಮಾಲತೇಶ ಮಧ್ಯಾಹ್ನವೇ ಬಂದ.

“ಪಾಸ್‌ವರ್ಡ್ ಯಾರಿಗರೆ ಹೇಳಿದ್ರೇನು?”

“ನಮ್ಮ ಅವ್ವಗೂ ಹೇಳಿಲ್ರಿ.”

ಇಂಟರ್‌ನೆಟ್ ಇದ್ದದ್ದು ಒಂದೇ ಕಂಪ್ಯೂಟರಿಗೆ. ಹೆಡ್ ಆಫೀಸಿನ ಸೂಚನೆ ಬಂದರೆ ಪರದೆಯ ಮೂಲೆಯಲ್ಲಿ ಲಿಂಕ್ ಮೂಡುತ್ತಿತ್ತು. ಒತ್ತಿದರೆ ಬ್ರೌಸರ್ ತೆರೆದು ಮೇಲ್ ಪುಟ ಬರುತ್ತಿತ್ತು. ಬಳಸುವವರು ಮೂವರು: ನಾಗರತ್ನಾ, ಹಿರಿಯ ಗುಮಾಸ್ತ ಮಹಾಂತಯ್ಯ, ಸ್ಟೋರ್ಸ್ ನೋಡುವ ರಾಜಶೇಖರ.

“ರಿಪೇರಿಗೆ ಬರೋ ಶಿದ್ದಪ್ಪನ್ನ ಹಿಡೀರಿ ಸಾಹೇಬ್ರ,” ಎಂದ ರಾಜಶೇಖರ. “ಮಷೀನಿನ ಒಳಗಿಂದೆಲ್ಲಾ ಅವಗ ಗೊತ್ತೈತಿ.”

* * *

ಕೇಶ್ವಾಪುರದಿಂದ ಶಿದ್ದಪ್ಪನನ್ನು ಕರೆಸಿದರು. ಅವನು ಹತ್ತು ನಿಮಿಷ ತಡಕಾಡಿ ಬೆವರೊರೆಸಿಕೊಂಡ.

“ಲಿಂಕ್ ಒತ್ತಿದ್ರ ಸೀದಾ ಬ್ರೌಸರಿಗೆ ಹೋಗಂಗಿಲ್ರಿ. ನಡುವ ಒಂದು ಪ್ರೋಗ್ರಾಮ್ ಹಿಡ್ಕೊಂಡು ನಕಲಿ ಪುಟ ತೋರಸ್ತೈತಿ.”

“ನೀನ ಹಾಕಿದಿ?” ಮಾಲತೇಶ ಕೇಳಿದ.

“ನಾ ಬಂದದ್ದು ಮಾರ್ಚ್‌ನ್ಯಾಗ್ರಿ. ಇದು ಕೂತದ್ದು ಹೋದ ಸೋಮವಾರ.”

ತಾರೀಖು ತಿದ್ದಬಹುದು. ಮಾಲತೇಶ ಅವನನ್ನು ನಂಬಲಿಲ್ಲ. ಉಳಿದವರನ್ನೂ ನಂಬಲಿಲ್ಲ. ಒಬ್ಬೊಬ್ಬರನ್ನೇ ಕರೆದು ಮೇಲ್ ಸರಿಯಾಗಿ ತೆರೆಯುತ್ತದೆಯೇ ಎಂದು ಕೇಳಿದ.

“ಎಂಟು ದಿನದಿಂದ ಪಾಸ್‌ವರ್ಡ್ ಎರಡೆರಡು ಸಲ ಹೊಡೀಬೇಕ್ರಿ,” ಎಂದ ಮಹಾಂತಯ್ಯ. “ನನ್ನ ಬೆರಳ ತಪ್ಪತಾವ ಅಂದ್ಕೊಂಡಿದ್ದೆ.”

ನಾಗರತ್ನಾಳದೂ ಅದೇ ದೂರು.

“ನನಗೇನು ತ್ರಾಸಿಲ್ರಿ,” ಎಂದ ರಾಜಶೇಖರ. “ಒಂದ ಸಲಕ್ಕ ತೆರೀತೈತಿ.”

* * *

“ಎಲ್ಲಾರ ಮುಂದ ತೆರದು ತೋರಸ್ರಿ,” ಎಂದ ಮಾಲತೇಶ.

ಮಹಾಂತಯ್ಯ ಲಿಂಕ್ ಒತ್ತಿದ. ಪುಟ ಅವನ ಪಾಸ್‌ವರ್ಡನ್ನು ಮೊದಲ ಸಲ ಒಪ್ಪಲಿಲ್ಲ. ರಾಜಶೇಖರನ ಸರದಿ. ಅವನ ಕೈ ಲಿಂಕಿನವರೆಗೆ ಹೋಗಿ ನಿಂತಿತು. ಬ್ರೌಸರ್ ತೆರೆದು ವಿಳಾಸವನ್ನು ಅಕ್ಷರ ಅಕ್ಷರವಾಗಿ ಹೊಡೆದ.

“ಲಿಂಕ್ ಯಾಕ ಒತ್ತಲಿಲ್ಲ?”

“ರೂಢಿ ಐತ್ರಿ...”

“ನಕಲಿ ಪುಟ ಪಾಸ್‌ವರ್ಡ್ ಕದ್ದು ‘ತಪ್ಪು’ ಅಂತೈತಿ. ಆಮ್ಯಾಲೆ ಖರೇ ಪುಟಕ್ಕ ಬಿಡತೈತಿ. ಅದಕ್ಕ ಇವರಿಗೆ ಎರಡು ಸಲ. ಶಿದ್ದಪ್ಪ ಇಲ್ಲೆ ಮೇಲ್ ತೆರಿಯೋದ ಇಲ್ಲ. ತೆರಿಯೋ ಮೂವರಾಗ ಲಿಂಕಿಗೆ ಅಂಜಿದಾವ ನೀ ಒಬ್ಬನ. ಕಿಸೆ ತೋರಸು.”

ಕಿಸೆಯಿಂದ ಹೊರಬಂದ ಪೆನ್ ಡ್ರೈವ್‌ನಲ್ಲಿ ನಾಗರತ್ನಾಳ ಪಾಸ್‌ವರ್ಡ್ ಇತ್ತು. ರಾಜೀನಾಮೆಯ ಕರಡೂ ಇತ್ತು.

“ಹನ್ನೊಂದು ವರ್ಷ ದುಡದೇನ್ರಿ,” ರಾಜಶೇಖರನ ದನಿ ಒಡೆಯಿತು. “ಆ ಖುರ್ಚಿ ನಂದಾಗಬೇಕಿತ್ತು. ನಿನ್ನೆ ಬಂದಾಕಿ ಕೈಕೆಳಗ ಹೆಂಗ ಇರ್ಲಿ?”

ನಾಗರತ್ನಾ ಫೋನ್ ಎತ್ತಿ ಹೆಡ್ ಆಫೀಸಿಗೆ ಹಚ್ಚಿದಳು.

“ನಾ ನಾಗರತ್ನಾ ಮಾತಾಡಾಕತ್ತೇನ್ರಿ. ನಾ ಎಲ್ಲಿಗೂ ಹೋಗಿಲ್ಲ.”