ತೊಟ್ಟಿಲ ತೊಲೆಯ ದನಿ

ಆ ಬೆಳಿಗ್ಗೆ ಮಾನ್ವಿಯಲ್ಲಿ ಗಾಳಿಯೇ ಇರಲಿಲ್ಲ. ಹಿಂದಿನ ಸಂಜೆಯಿಡೀ ಗುಡುಗಿ, ಒಂದು ಹನಿಯನ್ನೂ ಉದುರಿಸದೆ, ಮೋಡ ಊರಿನ ಮೇಲೆ ಹಾಗೇ ಕೂತಿತ್ತು. ಆಕಾಶ ಒಲೆಯ ಬೂದಿಯ ಬಣ್ಣಕ್ಕೆ ತಿರುಗಿತ್ತು. ಬೇವಿನ ಮರದ ಎಲೆ ಅಲುಗುತ್ತಿರಲಿಲ್ಲ. 1984ರ ಏಪ್ರಿಲ್ ತಿಂಗಳ ಆ ಧಗೆಗೆ ಬಡಿಗೇರ ಓಣಿಯ ನಾಯಿಗಳೂ ಬೊಗಳುವುದನ್ನು ಮರೆತಿದ್ದವು.

ಹುಲಿಗೆಮ್ಮ ಚಹಾದ ಲೋಟ ಹಿಡಿದು ಗಂಡನ ಕೆಲಸದ ಮನೆಗೆ ಹೋದಳು. ಕೆಲಸ ಹೆಚ್ಚಿದ್ದ ದಿನ ಅಯ್ಯಣ್ಣ ಅಲ್ಲಿಯೇ ಮಲಗುತ್ತಿದ್ದ. ಬಾಗಿಲು ತೆರೆದಿತ್ತು. ಅಯ್ಯಣ್ಣ ಕಟ್ಟಿಗೆಯ ಸುರುಳಿಗಳ ಮೇಲೆ ಮುಖವಿಟ್ಟು ಬಿದ್ದಿದ್ದ. ಪಕ್ಕದಲ್ಲಿ ಅವನದೇ ಕೊಡತಿ, ಉಳಿಗೆ ಬಡಿಯುವ ಮರದ ಸುತ್ತಿಗೆ. ಅದರ ತಲೆಗೆ ರಕ್ತ ಒಣಗಿತ್ತು.

ಚಹಾ ಚೆಲ್ಲಲಿಲ್ಲ. ಅವಳು ಲೋಟವನ್ನು ಮೆಲ್ಲಗೆ ನೆಲಕ್ಕಿಟ್ಟಳು. ಆಮೇಲೆ ಕೂಗಿದಳು.

* * *

ಸಬ್ ಇನ್ಸ್‌ಪೆಕ್ಟರ್ ತಾಯಣ್ಣ ಹೊಸ್ತಿಲ ಹೊರಗೆ ಬೂಟು ಬಿಚ್ಚಿಟ್ಟು ಒಳಗೆ ಬಂದ. ಬೆಳಗಿನ ವಿಭೂತಿ ಹಣೆಯ ಮೇಲೆ ಇನ್ನೂ ಹಸಿಯಾಗಿತ್ತು. ನಾಲ್ಕು ಜನರ ಹೊಟ್ಟೆಗೆ ಹಾಕಿದ ಜಾಗ ದೇವರ ಮನೆಯಿದ್ದಂತೆ ಎಂದು ನಂಬಿದವನು. ಶವದ ಮುಂದೆ ಒಂದು ಗಳಿಗೆ ಕಣ್ಣು ಮುಚ್ಚಿ ನಿಂತ. ಬಳಿಕ ಬೆಂಚಿನ ಕಡೆ ತಿರುಗಿದ.

ಬೆಂಚಿನ ಮೇಲೆ ಒಂದು ಟವಲು ಹಾಸಿತ್ತು. ಅದರ ಮೇಲೆ ಬೇಸ್ ಗಿಟಾರೊಂದರ ಭಾಗಗಳು ಸಾಲಾಗಿದ್ದವು. ಉದ್ದನೆಯ ಕತ್ತು. ತಂತಿ ಕೂರುವ ಕಬ್ಬಿಣದ ಕುದುರೆ. ಅಯಸ್ಕಾಂತಕ್ಕೆ ತಾಮ್ರದ ಎಳೆ ಸುತ್ತಿ ಮಾಡಿದ, ತಂತಿಯ ನಡುಕವನ್ನು ಸ್ಪೀಕರಿಗೆ ಒಯ್ಯುವ ಪುಟ್ಟ ಪಿಕಪ್. ನಾಲ್ಕು ದಪ್ಪ ತಂತಿಗಳು, ಒಂದೊಂದೂ ಬಳೆಯಂತೆ ಸುತ್ತಿಟ್ಟವು. ಇವನ್ನೆಲ್ಲ ಹೊರುವ ಕಟ್ಟಿಗೆಯ ಒಡಲು ಮಾತ್ರ ಇರಲಿಲ್ಲ.

"ಸಾಹೇಬ್ರ, ಇದು ರೇಡಿಯೋ ಬಂದೇನವಾಜನ ಕೆಲಸರಿ," ದಫೇದಾರ ಪಿಸುಗುಟ್ಟಿದ. "ನಿನ್ನಿ ಚಾದಂಗಡ್ಯಾಗ ಇಬ್ರೂ ಹರಕೊಂಡಾರ. 'ನಿನ್ನ ಕಟ್ಟಿಗಿ ಒಲಿಗೆ ಹಾಕ್ತೀನಿ ನೋಡು' ಅಂದನಂತ. ಹತ್ತು ಮಂದಿ ಕೇಳ್ಯಾರ."

ಆ ಜಗಳದ ಮೂಲ ಊರಿಗೆಲ್ಲ ಗೊತ್ತಿತ್ತು. ಗಿಟಾರು ರಾಯಚೂರಿನ ಜಹೀರುದ್ದೀನನದು. ಮದುವೆಗಳಲ್ಲಿ ಹಾಡುವ ಆರ್ಕೆಸ್ಟ್ರಾದ ಯಜಮಾನ. ಒಡಲು ಕೆತ್ತಿದವನು ಅಯ್ಯಣ್ಣ. ಪಿಕಪ್ ಸುತ್ತಿದವನು ರೇಡಿಯೋ ರಿಪೇರಿಯ ಬಂದೇನವಾಜ್. ಒಡಲಿನ ಕಟ್ಟಿಗೆ ಗೂಗಲ್ ಹಳ್ಳಿಯ ಹಳೆಯ ಮನೆಯೊಂದರ ತೊಲೆ. ಕೃಷ್ಣೆಯ ದಂಡೆಯಲ್ಲಿ, ಅಲ್ಲಮಪ್ರಭುವಿನ ಗುಡಿಯ ನೆರಳಲ್ಲಿ ನೂರು ವರ್ಷ ಭಜನೆ ಕೇಳಿದ ತೊಲೆ, ಅದಕ್ಕೇ ಅದರ ದನಿ ಎದೆಯೊಳಗೆ ಇಳಿಯುತ್ತದೆ ಎಂದು ಜನ ನಂಬಿದ್ದರು. ಬಂದೇನವಾಜ್ ಮಾತ್ರ ಕುದಿಯುತ್ತಿದ್ದ. "ಕಟ್ಟಿಗ್ಯಾಗ ಏನೂ ಇಲ್ಲ! ತಂತಿ ಅಲುಗ್ತದ, ಪಿಕಪ್ ಕೇಳ್ತದ, ಅಷ್ಟ!"

ತಾಯಣ್ಣನೂ ಕಟ್ಟಿಗೆಯ ಕಡೆಯವನೇ. ಅವನ ಅಜ್ಜ ತಂಬೂರಿ ಮೀಟುತ್ತಿದ್ದ. ಬುರುಡೆ ಒಡೆದರೆ ತಂಬೂರಿ ಸತ್ತಂತೆ ಎಂದು ಕೇಳಿ ಬೆಳೆದಿದ್ದ.

ಹತ್ತು ಗಂಟೆಗೆ ಬಂದೇನವಾಜ್ ಲಾಕಪ್ಪಿನಲ್ಲಿದ್ದ. ಹನ್ನೊಂದಕ್ಕೆ ಮೇಲಿನವರ ಫೋನು ಬಂತು. ಮರುದಿನ ಇದೇ ಹೊತ್ತಿಗೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಕೊಲೆ ಆರೋಪ. ಅಲ್ಲಿಂದ ಜೈಲು.

ಠಾಣೆಯ ಬೇವಿನ ಬುಡದಲ್ಲಿ ಅವನ ತಾಯಿ ಬಡೇಬೀ ಬಂದು ಕೂತಳು. ನೀರು ಕೊಟ್ಟರೆ ಕುಡಿಯಲಿಲ್ಲ.

"ಸಾಹೇಬ್ರ, ನನ್ನ ಮಗ ಕೋಳಿ ಕೊಯ್ಯೂದು ನೋಡಿದ್ರ ಹೊರಗ ಓಡಿ ಹೋಗ್ತಾನ್ರಿ. ಅಂವ ಮನಿಗಿ ಬರಾತನ ನಾ ಇಲ್ಲೇ ಕುಂದರ್ತೀನಿ."

* * *

ಹುಲಿಗೆಮ್ಮನ ಕಣ್ಣುಗಳು ಒಣಗಿದ್ದವು. ಕೈಯಲ್ಲಿ ಒಂದು ಬಟ್ಟೆಯ ಗಂಟಿತ್ತು.

"ಬಂದೇನವಾಜಗ ನಿಮ್ಮ ಯಜಮಾನ್ರ ಮ್ಯಾಲ ಸಿಟ್ಟಿತ್ತೇನವ್ವಾ?"

"ಸಿಟ್ಟ?" ಅವಳು ತಲೆಯಾಡಿಸಿದಳು. "ದಿನಾ ಬೈದಾಡ್ತಿದ್ರು, ದಿನಾ ಒಂದ ಬಸಿಯಾಗ ಚಾ ಕುಡೀತಿದ್ರು. ಅದು ಜಗಳಲ್ರಿ, ಅವರಿಗಿ ಅದ ಉಪ್ಪಿನಕಾಯಿ."

"ಕೈಯಾಗೇನದು?"

ಅವಳು ಗಂಟು ಬಿಚ್ಚಿದಳು. ತುಕ್ಕು ಹಿಡಿದ ಕಬ್ಬಿಣದ ಕೊಂಡಿ. ಮೇಲೆ ಬಳೆ, ಕೆಳಗೆ ಎರಡು ಬೆರಳಗಲ ಉದ್ದದ ನಾಲ್ಕು ಮೂಲೆಯ ಕಡ್ಡಿ. ಕಡ್ಡಿ ಒಂದು ಕಡೆ ಕೊಂಚ ತಿರುಚಿತ್ತು.

"ಗೂಗಲ್ ಗದ್ದೆಮ್ಮಂದ್ರಿ. ಆ ತೊಲಿ ಅವರ ಮನೀದು. ತೊಟ್ಟಲ ತೂಗಾಕ ತೊಲಿಗೆ ಬಡಿದಿದ್ರು. ಮುದುಕಿ ಏಳು ಮಕ್ಕಳನ್ನ ಇದರಾಗ ತೂಗ್ಯಾಳ. 'ತೊಲಿ ಒಯ್ಯಿ ಯಪ್ಪಾ, ಕೊಂಡಿ ಮಾತ್ರ ನಂದು, ವಾಪಸ್ ತಂದು ಕೊಡು' ಅಂದಿದ್ಲಂತ. ಬರೂ ಸೋಮವಾರ ಕೊಟ್ಟು ಬರ್ತೀನಿ ಅಂದಿದ್ರು." ಅವಳು ಕೊಂಡಿಯ ಬಳೆಯನ್ನು ಬೆರಳಿಂದ ಸವರಿದಳು. "ಮಾತು ಉಳದು ಹೋತ್ರಿ."

"ಕೊಂಡಿ ಕಿತ್ತ ತೂತು ಏನಾತು?"

"ಗಿಟಾರಿನ ನಡುವ ಬಂತ್ರಿ. ಅರಗು ತುಂಬಿ ಉಜ್ಜಿದ್ರು. ಮ್ಯಾಲ ಕಾಣಂಗಿಲ್ಲ."

"ಇಂಥ ಗಿಟಾರು ಇನ್ಯಾರಿಗಿ ಮಾಡಿ ಕೊಟ್ಟಿದ್ರು?"

"ದೇವದುರ್ಗದ ಯಂಕೋಬಗ. ಅದು ಬರಿ ಬೇವಿನ ಕಟ್ಟಿಗಿ. ಎರಡಕ್ಕೂ ಒಂದ ರಟ್ಟಿನ ಅಳತಿ, ಒಂದರ ಕತ್ತು ಇನ್ನೊಂದಕ್ಕ ಕೂಡ್ತದ."

ತಾಯಣ್ಣ ಕೊಂಡಿಯನ್ನು ಕೈಯಲ್ಲಿ ತೂಗಿ ನೋಡಿ ಹಿಂದಕ್ಕೆ ಕೊಟ್ಟ. "ಜ್ವಾಕಿ ಇಟ್ಟುಕೋರಿ."

* * *

ರಾಯಚೂರು. ತೀನ್ ಕಂದೀಲ್ ಹತ್ತಿರದ ಗಲ್ಲಿಯ ಮಹಡಿ. ಜಹೀರುದ್ದೀನ್ ನೆಲದ ಮೇಲೆ ಕುಸಿದು ಕೂತಿದ್ದ.

"ಕುದುರಿ ಸಡ್ಲಾಗಿತ್ತು ಅಂತ ರಿಪೇರಿಗಿ ಕೊಟ್ಟಿದ್ದೆ ಸಾಬ್. ಅಯ್ಯಣ್ಣನೂ ಹೋದ, ಆ ಆವಾಜೂ ಹೋತು."

"ನಿನ್ನಿ ಸಂಜೀಗಿ ಎಲ್ಲಿದ್ರಿ?"

"ಯರಗೇರಾದಾಗ ಶಾದಿ. ಕಡ ತಂದ ಗಿಟಾರ್ ಬಾರಿಸಿದೆ. ಇಡೀ ಊರು ನೋಡ್ಯದ." ಅವನು ನಕ್ಕಂತೆ ಮಾಡಿದ. "ದುಲ್ಹನ ತಂದಿ ಬಂದು ಏನಂದ ಗೊತ್ತೇನ್ರಿ? 'ಗೂಗಲ್ ತೊಲಿ ದನಿ ಭಾಳ ಚೊಲೊ ಅದ ಮಿಯಾ' ಅಂದ. ಅದು ಗೂಗಲ್ ತೊಲಿ ಅಲ್ಲ ಅಂತ ಹೇಳಾಕ ನನಗ ನಾಚ್ಕಿ ಆತು."

ಇಳಿದು ಹೋಗುವಾಗ ಮೆಟ್ಟಿಲ ಮೇಲೆ ತಾಯಣ್ಣನ ಕಾಲು ನಿಂತಿತು. ಹೆಣ್ಣಿನ ತಂದೆಯ ಆ ಮಾತು ಮುಳ್ಳಿನಂತೆ ಒಳಗೆ ಉಳಿಯಿತು.

* * *

ದೇವದುರ್ಗ ತಲುಪುವಾಗ ಬಿಸಿಲು ಹಳದಿಯಾಗಿತ್ತು. ಮೋಡ ಅಲ್ಲಿಯೂ ಹಿಂಬಾಲಿಸಿ ಬಂದಿತ್ತು. ಯಂಕೋಬ ನಗುನಗುತ್ತ ಸೋಡಾ ತರಿಸಿದ. ಅವನದೂ ಆರ್ಕೆಸ್ಟ್ರಾ. ಆದರೆ ಈಚೆಗೆ ಮದುವೆ ಮನೆಯವರೆಲ್ಲ ರಾಯಚೂರಿನ ಕಡೆಗೇ ನಡೆದಿದ್ದರು.

"ಕಟ್ಟಿಗಿ ಅಂದ್ರ ಏನ್ರಿ ಸಾಹೇಬ್ರ? ಅಂಗಿ ತೂಗಹಾಕೋ ಗೂಟ ಇದ್ದಂಗ. ದನಿ ಬರೂದು ಬೆರಳಿನಾಗ. ಆ ಜಹೀರಗ ತಿಳೀವಲ್ದು, ಮಂದಿಗೂ ತಿಳೀವಲ್ದು."

ಮೂಲೆಯಲ್ಲಿ ಅವನ ಗಿಟಾರು ಒರಗಿತ್ತು. ಕೆಂಪು. ಹಸಿ ಬಣ್ಣದ ಘಾಟು ಮೂಗಿಗೆ ಹೊಡೆಯುತ್ತಿತ್ತು.

"ಹೊಸಾದೇನು?"

"ಹಳೇದ್ರಿ. ಬಣ್ಣ ಸುಲದಿತ್ತು. ಹೊಡಿಸೀನಿ."

"ನಿನ್ನಿ?"

"ನಿನ್ನಿ ಮನ್ಯಾಗ ಇದ್ದೆ. ಮೈಯಾಗ ಆರಾಮಿರಲಿಲ್ಲ."

ಬರೀ ವಾಸನೆ ಹಿಡಿದು ಒಬ್ಬರ ಮಾನವನ್ನು ಕೆರೆಯಬಾರದು. ತಾಯಣ್ಣ ಸೋಡಾ ಮುಗಿಸಿ ಎದ್ದ.

"ನಾಳಿಗಿ ಎಂಟಕ್ಕ ಮಾನ್ವಿ ಠಾಣೇಕ ಬರ್ರಿ. ಆ ಗೂಗಲ್ ಕಟ್ಟಿಗಿ ಸಿಕ್ಕದ. ಗುರ್ತು ಹಿಡಿಯಾಕ ನಿಮ್ಮಂಥ ಕಿವಿ ಬೇಕು. ನಿಮ್ಮ ಗಿಟಾರೂ ತರ್ರಿ, ಹೋಲಿಸಿ ನೋಡೂಣು. ಅಲ್ಲೀತನ ನಿಮ್ಮ ಗಿಟಾರು ನಮ್ಮ ದಫೇದಾರನ ಕಣ್ಣ ಮುಂದ ಇರ್ಲಿ, ಅಂವ ಇಲ್ಲೇ ಉಳೀತಾನ."

ಯಂಕೋಬನ ಕೈಯಲ್ಲಿದ್ದ ಬಾಟಲಿ ಅರ್ಧಕ್ಕೆ ನಿಂತಿತು. "ಸಿಕ್ತೇನ್ರಿ?"

"ಸಿಕ್ತು."

ಸುಳ್ಳು ಹೇಳಿ ಜೀಪು ಹತ್ತಿದ ತಾಯಣ್ಣ ದಾರಿಯುದ್ದಕ್ಕೂ ದೇವರ ಹೆಸರನ್ನು ಒಳಗೊಳಗೇ ಹೇಳಿಕೊಂಡ.

* * *

ಬೆಳಿಗ್ಗೆ ಎಂಟು. ಗಾಳಿ ಇನ್ನೂ ಬಂದಿರಲಿಲ್ಲ. ಠಾಣೆಯ ಹಿಂದಿನ ಪಡಸಾಲೆಯಲ್ಲಿ ಅಡ್ಡಲಾಗಿ ಒಂದು ಜಮಖಾನೆ ಕಟ್ಟಿತ್ತು. ಅದರ ಹಿಂದೆ ಜಹೀರುದ್ದೀನ್ ತಂದ ಸ್ಪೀಕರ್ ಪೆಟ್ಟಿಗೆ. ಬೇಡಿ ಬಿಚ್ಚಿಸಿಕೊಂಡ ಬಂದೇನವಾಜ್. ಯಂಕೋಬ ತಂದ ಗಿಟಾರನ್ನೂ ಅಲ್ಲಿಯೇ ಇಡಿಸಲಾಯಿತು. ಈಚೆಗೆ ಜಹೀರುದ್ದೀನ್, ಯಂಕೋಬ. ಗೋಡೆಗೆ ಹುಲಿಗೆಮ್ಮ. ಬೇವಿನ ಬುಡದಲ್ಲಿ ಬಡೇಬೀ, ನಿನ್ನೆಯಂತೆಯೇ.

ಹನ್ನೊಂದಕ್ಕೆ ಮೂರು ಗಂಟೆ ಉಳಿದಿತ್ತು.

"ಬಾರಿಸಪ್ಪಾ," ಎಂದ ತಾಯಣ್ಣ.

ಜಮಖಾನೆಯ ಹಿಂದೆ ತಂತಿ ಮಿಡಿಯಿತು. ದನಿ ನೆಲದ ಕಲ್ಲಿನಲ್ಲಿ ಇಳಿದು ಪಾದಗಳಿಗೆ ಹತ್ತಿತು. ಹೊಟ್ಟೆಯೊಳಗೆ ಗುಡುಗು ತಿರುಗಿದಂತೆ. ಜಹೀರುದ್ದೀನನ ಕಣ್ಣಲ್ಲಿ ನೀರು ಬಂತು.

"ಯಾ ಅಲ್ಲಾ! ಅದೇ ಸಾಬ್. ನನ್ನ ಗೂಗಲ್ ತೊಲಿ! ಇದರ ಆವಾಜ್ ನಾ ನಿದ್ದ್ಯಾಗ ಕೇಳಿದ್ರೂ ಗುರ್ತು ಹಿಡೀತೀನಿ."

ಯಂಕೋಬ ತುಟಿ ಕಚ್ಚಿಕೊಂಡು ಕೂತಿದ್ದ. ಜಹೀರುದ್ದೀನ್ ಅಳುವುದನ್ನು ನೋಡಿದ. ತಡೆಯಲಾಗಲಿಲ್ಲ. ನಕ್ಕುಬಿಟ್ಟ.

"ಏ ಮಿಯಾ, ಕಿವ್ಯಾಗ ಹತ್ತಿ ಇಟಗೊಂಡಿಯೇನು? ಇದು ಆ ತೊಲಿ ಅಲ್ಲೇ ಅಲ್ಲ. ಯಾವ್ದೋ ದರಿದ್ರ ಹಲಗಿ."

"ಖಾತ್ರಿ?" ತಾಯಣ್ಣ ಕೇಳಿದ.

"ನೂರಕ್ಕ ನೂರು. ತೊಲಿ ದನಿ ಬ್ಯಾರೇನ ಇರ್ತದ್ರಿ ಸಾಹೇಬ್ರ."

"ಛಲೋ ಕಿವಿ. ಹೊರಗ ಹೋಗಿ ಚಾ ಕುಡ್ದು ಬರ್ರಿ. ಇನ್ನೊಂದು ಕೇಳಿಸ್ತೀವಿ."

ಕಾಲು ಗಂಟೆಯ ಬಳಿಕ ಮತ್ತೆ ತಂತಿ ಮಿಡಿಯಿತು. ಅದೇ ಗುಡುಗು, ಅದೇ ನಡುಕ. ಯಂಕೋಬ ಈ ಸಲ ಕಣ್ಣು ಮುಚ್ಚಿ ಕೇಳಿದ. ಕೈ ಬೀಸಿದ.

"ಅದ ಹಲಗಿ. ಇದರಾಗ ಜೀವ ಇಲ್ಲ."

ತಾಯಣ್ಣ ಎದ್ದು ಜಮಖಾನೆ ಸರಿಸಿದ.

ನೆಲದ ಮೇಲೆ ಸೇಬಿನ ಪೆಟ್ಟಿಗೆಯಿಂದ ಕಿತ್ತ ಒಂದು ಹಲಗೆ ಬಿದ್ದಿತ್ತು. ಮೈತುಂಬ ಮೊಳೆಯ ತೂತುಗಳು. ಮೊದಲು ಜಹೀರುದ್ದೀನನನ್ನು ಅಳಿಸಿದ್ದು ಅದು. ಈಗ ಬಂದೇನವಾಜನ ತೊಡೆಯ ಮೇಲೆ ಅದೇ ಕತ್ತು, ಅದೇ ಪಿಕಪ್, ಅದೇ ತಂತಿಗಳಿದ್ದವು. ಒಡಲು ಮಾತ್ರ ಬೇರೆ. ಕೆಂಪು ಬಣ್ಣದ ಒಡಲು.

ಯಂಕೋಬನ ಮುಖದಿಂದ ರಕ್ತ ಇಳಿದು ಹೋಯಿತು.

* * *

"ಹುಲಿಗೆಮ್ಮಾ, ಆ ಕೊಂಡಿ ಕೊಡ್ರಿ."

ಚಾಕುವಿನ ತುದಿಯಿಂದ ತಾಯಣ್ಣ ಒಡಲಿನ ನಡುವೆ ಬಣ್ಣ ಕೆರೆದ. ಕೆಳಗೆ ಅರಗು. ಅದನ್ನೂ ಬಿಡಿಸಿದ. ನಾಲ್ಕು ಮೂಲೆಯ ತೂತು ಬಾಯಿ ತೆರೆಯಿತು. ಕೊಂಡಿಯ ತಿರುಚಿದ ಕಡ್ಡಿ ಅದರೊಳಗೆ ತಾನೇ ದಾರಿ ಹುಡುಕಿಕೊಂಡು ಇಳಿದು, ಬಳೆಯವರೆಗೂ ಕೂತಿತು. ಅಲುಗಾಡಲಿಲ್ಲ.

ಹುಲಿಗೆಮ್ಮ ಸೆರಗನ್ನು ಬಾಯಿಗೊತ್ತಿಕೊಂಡಳು.

"ಬೆಂಚ್ ಮ್ಯಾಲ ಬಿಟ್ಟು ಹೋಗಿದ್ದನ್ನ ನೋಡಿ ನನಗ ಮೊದಲ ಅನುಮಾನ ಬಂತು," ತಾಯಣ್ಣ ಮೆಲ್ಲಗೆ ಹೇಳಿದ. "ಬಂದೇನವಾಜ ಕದ್ದಿದ್ರ ಪಿಕಪ್ ಒಯ್ಯತಿದ್ದ. ಅವನ ನಂಬಿಕಿ ಅದರಾಗ ಅದ. ಕಳ್ಳ ಬಿಟ್ಟು ಹೋದದ್ದು ಅದನ್ನ. ತಂತಿ ಸಡ್ಲ ಮಾಡಿ ಬಳಿ ಹಂಗ ಸುತ್ತಿಟ್ಟಾನ. ಅದು ದಿನಾ ಬಾರಿಸೋ ಕೈ. ಕಟ್ಟಿಗಿ ಮ್ಯಾಲ ಪ್ರಾಣ ಇಟ್ಟ ಬಾರಿಸೋನು ಯಾರು? ಜಹೀರ್ ತನ್ನ ವಸ್ತು ತಾನ ಕದಿಯಂಗಿಲ್ಲ, ಯರಗೇರಾದಾಗ ಇದ್ದ. ಉಳಿದಾಂವ ನೀನು. ಬಾಯಿಲೆ ಕಟ್ಟಿಗಿ ಅಂದ್ರ ಗೂಟ ಅಂದಿ, ಮನಸಿನಾಗ ಮಾತ್ರ ಆ ತೊಲಿ ಇತ್ತು."

"ನನ್ನ ಕಿವಿ..." ಯಂಕೋಬ ತೊದಲಿದ.

"ನಿನ್ನ ಕಿವಿಗೆ ಏನೂ ತಿಳಿದಿಲ್ಲ. ಜಹೀರನ ಕಿವಿಗೂ ತಿಳಿಲಿಲ್ಲ, ಖರೆ ಹೇಳ್ಬೇಕಂದ್ರ ನನಗೂ ಇಲ್ಲ. ಒಂದು ಹಲಗಿ ಕೇಳಿ ಆ ತೊಲಿ ಅಲ್ಲ ಅಂತ ಖಾತ್ರಿಲೆ ಹೇಳಾಕ, ಆ ತೊಲಿ ಎಲ್ಲದ ಅನ್ನೋದು ಗೊತ್ತಿರಬೇಕು. ಅದು ನಿನಗೊಬ್ಬಗ ಗೊತ್ತಿತ್ತು. ಎರಡ್ನೇ ಸಲ ಆ ತೊಲೀನ ನಿನ್ನ ಮುಂದ ಹಾಡ್ತು. ನೀನ ಅದಕ್ಕ ಜೀವ ಇಲ್ಲ ಅಂದಿ."

ಯಂಕೋಬ ಕೆಂಪು ಒಡಲನ್ನೇ ನೋಡುತ್ತಿದ್ದ. ಕೈ ಚಾಚಿ ಅದನ್ನೊಮ್ಮೆ ಮುಟ್ಟಿ ಬಾಯಿ ಬಿಟ್ಟ.

"ಆ ತೊಲಿ ಉಳಿದ ತುಂಡಿನಾಗ ನನಗೂ ಒಂದು ಮಾಡಿಕೊಡು ಅಂತ ಕೇಳಾಕ ಹೋಗಿದ್ದೆ. ಕಾಲು ಹಿಡಿದೆ. ಅಂವ ನಕ್ಕ. 'ಕಟ್ಟಿಗ್ಯಾಗ ಏನೂ ಇಲ್ಲೋ ಯಂಕೋಬ. ಬಂದೇನವಾಜ ಹೇಳೂದ ಖರೆ. ಅವನ ಪಿಕಪ್ ಹಾಕಿಸ್ಕೋ, ನಿನ್ನ ಬೇವಿನ ಗಿಟಾರೂ ಹಂಗ ನುಡೀತದ' ಅಂದ. ನನ್ನ ದೂರ ಇಡಾಕ ಸುಳ್ಳು ಹೇಳಾಕತ್ಯಾನ ಅಂದುಕೊಂಡೆ. ಕೈಗೆ ಕೊಡತಿ ಸಿಕ್ತು..."

ಮೂಲೆಯಲ್ಲಿ ಬಂದೇನವಾಜ್ ಗಿಟಾರನ್ನು ಕೆಳಗಿಟ್ಟು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

"ಒಂದ್ ದಿನಾನೂ ನನ್ನ ಮುಂದ ಒಪ್ಪಲಿಲ್ಲಲ್ಲೋ ಅಯ್ಯಣ್ಣಾ," ಎಂದ. "ಬೇಕಂತ ಬೈಸ್ಕೊಂಡ್ಯಲ್ಲೋ."

ಹನ್ನೊಂದಕ್ಕೆ ಮುಂಚೆಯೇ ಜೀಪು ಹೊರಟಿತು. ಒಳಗೆ ಬೇಡಿ ತೊಟ್ಟವನು ಬೇರೆಯವನು. ಬೇವಿನ ಬುಡದಲ್ಲಿ ಬಡೇಬೀ ಮಗನ ತಲೆ ಸವರಿ, ಆಮೇಲೆ ನೀರು ಕೇಳಿದಳು.

* * *

ಕೊಂಡಿ ಕೋರ್ಟಿನ ಕಪಾಟಿನಲ್ಲಿ ಚೀಟಿ ಅಂಟಿಸಿಕೊಂಡು ಒಂದೂವರೆ ವರ್ಷ ಕೂತಿತು. ಯಂಕೋಬನಿಗೆ ಶಿಕ್ಷೆಯಾದ ಮೇಲೆ ತಾಯಣ್ಣ ಅರ್ಜಿ ಹಾಕಿ ಅದನ್ನು ಬಿಡಿಸಿ, ಹುಲಿಗೆಮ್ಮನ ಕೈಗಿಟ್ಟ. ಅವಳು ಮೊದಲ ಬಸ್ಸು ಹಿಡಿದು ಗೂಗಲ್‌ಗೆ ಹೋದಳು. ಅಂದು ಸೋಮವಾರ.

ಹೊಸ ಮನೆಗೆ ತೊಲೆ ಇರಲಿಲ್ಲ. ಸಿಮೆಂಟಿನ ಮಾಳಿಗೆ. ಗದ್ದೆಮ್ಮ ಹೊಸ್ತಿಲಲ್ಲಿ ಕಾಲು ಚಾಚಿ ಜೋಳ ಹಸನು ಮಾಡುತ್ತಿದ್ದಳು. ಕಣ್ಣು ಮಂಜಾಗಿತ್ತು.

"ಯಾರವ್ವಾ?"

ಹುಲಿಗೆಮ್ಮ ಪಕ್ಕದಲ್ಲಿ ಕೂತು ಬಟ್ಟೆ ಬಿಚ್ಚಿ, ಎಣ್ಣೆ ಹಚ್ಚಿ ತುಕ್ಕು ತೆಗೆದ ಆ ಕೊಂಡಿಯನ್ನು ಮುದುಕಿಯ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು.