ಹೈದರಾಬಾದಿನ ಬಿಸ್ಕೀಟು

“ಹಲೋ, ಕರೆಂಟ್ ಆಫೀಸೇನ್ರಿ? ನನ್ನ ಬಾಚಿ ಎಲ್ಲಾ ಒಳಗ ಸಿಕ್ಕೊಂಡಾವ್ರಿ! ಇನ್ನೊಂದೀಟು ಹೊತ್ತು ಹಿಂಗ ಬಿಟ್ರ ಮುಗೀತು ಅವುಗಳ ಕಥಿ!”

ಫೋನೆತ್ತಿದ್ದ ನಿಂಗರಾಜನಿಗೆ ಗರಗರ ಸದ್ದಿನ ನಡುವೆ ಕೇಳಿಸಿದ್ದು ‘ಬಚ್ಚಿ’. ಶಹಾಪುರದಲ್ಲಿ ಬಚ್ಚಿ ಎಂದರೆ ಪುಟ್ಟ ಹುಡುಗಿ ಎಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಯಾರದೋ ಮಕ್ಕಳು ಎಲ್ಲೋ ಸಿಕ್ಕಿಕೊಂಡಿವೆ! ವಿಳಾಸ ಕೇಳಿದವನೇ ಲೈನ್‌ಮನ್ ಜಲಾಲುದ್ದೀನನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊರಟುಬಿಟ್ಟ. ಗುಮಾಸ್ತನೊಬ್ಬ ಹಾಗೆ ಕುರ್ಚಿ ಬಿಟ್ಟು ಓಡಿದ್ದನ್ನು ಆ ಆಫೀಸು ಅದುವರೆಗೆ ಕಂಡಿರಲಿಲ್ಲ.

ಬಾಗಿಲು ತೆರೆದವಳ ಕೈಗೆ ಮೊಣಕೈವರೆಗೂ ಮೈದಾಹಿಟ್ಟು. ಹಣೆಯ ಮೇಲೂ ಒಂದು ಬಿಳಿ ಗೀರು.

“ಬಚ್ಚಿ ಎಲ್ಲದಾವ್ರಿ?” ಎಂದ ನಿಂಗರಾಜ, ಏದುಸಿರು ಬಿಡುತ್ತ.

“ಇಲ್ಲದಾವ್ ನೋಡ್ರಿ,” ಎಂದು ಅವಳು ಒವನ್ನಿನ ಬಾಗಿಲು ಎಳೆದಳು.

ಟ್ರೇಯ ಮೇಲೆ ಗೋಲಿಯಷ್ಟು ದಪ್ಪದ ಬಿಸ್ಕೀಟುಗಳು, ಅವಳ ‘ಬಾಚಿ’ಗಳು, ಕರೆಂಟು ಹೋಗಿ ಅರ್ಧ ಬೆಂದು, ಸೊರಗಿ, ಸಾಲಾಗಿ ಕೂತಿದ್ದವು.

ಮೊದಲು ನಕ್ಕವಳು ಮೂಲೆಯಲ್ಲಿ ಬಾದಾಮಿ ಸಿಪ್ಪೆ ಬಿಡಿಸುತ್ತಿದ್ದ ಅವಳ ತಾಯಿ ಪರಿಮಳಾ. ಆಮೇಲೆ ಜಲಾಲುದ್ದೀನ. ನಿಂಗರಾಜನ ಕಿವಿ ಕೆಂಪಾದವು. ಹುಡುಗಿ ತುಟಿ ಕಚ್ಚಿ ನಗು ತಡೆದಿದ್ದಳು. ಅವನ ಕಣ್ಣು ಅವಳ ಕಣ್ಣಿಗೆ ಸಿಕ್ಕಿದ್ದೇ ತಡ, ತಡೆಯಲಾಗಲಿಲ್ಲ.

ಅವಳ ಹೆಸರು ಪಂಚಶೀಲಾ. ಗೋವಾದ ಹೋಟೆಲೊಂದರ ಅಡುಗೆಮನೆಯಲ್ಲಿ ಕೆಲಸ ಮಾಡಿ ಬಂದವಳು. ಪ್ರತಿ ಡಿಸೆಂಬರಿಗೆ ಅಲ್ಲಿಗೆ ಇಟಲಿಯ ಅಜ್ಜಿಯೊಬ್ಬಳು ಬರುತ್ತಿದ್ದಳು. ಕ್ರಿಸ್‌ಮಸ್ ಹತ್ತಿರ ಬಂದರೆ ಆಕೆಗೆ ರೂಮಿನಲ್ಲಿ ನಿಲ್ಲಲಾಗುತ್ತಿರಲಿಲ್ಲ. ಅಡುಗೆಮನೆಗೆ ನುಗ್ಗಿ, ಏಪ್ರನ್ ಕಟ್ಟಿ, ತನ್ನೂರಿನ ಬಿಸ್ಕೀಟು ಮಾಡಲು ಕೂರುತ್ತಿದ್ದಳು. ಹಿಟ್ಟು ಕಲಸಲು ಜೊತೆಗೆ ಕರೆಯುತ್ತಿದ್ದುದು ಪಂಚಶೀಲಾಳನ್ನು. ಊರಿಗೆ ಮರಳಿದ ಮೇಲೂ ಡಿಸೆಂಬರ್ ಬಂತೆಂದರೆ ಇವಳ ಕೈ ತುರಿಸುತ್ತಿತ್ತು. ಮನೆಗೆಂದು ಮಾಡಿದ್ದು ಓಣಿಗೆ ಹೋಯಿತು, ಓಣಿಯಿಂದ ಯಾದಗಿರಿಯ ಚರ್ಚಿನವರಿಗೆ ಗೊತ್ತಾಯಿತು. ಈಗ ಹಬ್ಬದ ರಜೆಯಲ್ಲಿ ಮನೆತುಂಬ ಆರ್ಡರು.

ಕರೆಂಟು ಬಂತು. ಕೆಟ್ಟ ಬಿಸ್ಕೀಟುಗಳಲ್ಲಿ ಎರಡನ್ನು ನಿಂಗರಾಜ ಬಾಯಿಗೆ ಹಾಕಿಕೊಂಡ.

“ಕೆಟ್ಟಾವ ಅಂತೀರಿ. ಕೆಟ್ಟಿದ್ದ ಹಿಂಗಿದ್ರ ಚಲೋದು ಹೆಂಗಿರತಾವ?”

“ನಾಳಿ ಬರ್ರಿ, ತಿಂದು ಹೇಳ್ರಿ.”

ಅವನು ನಾಳೆ ಬಂದ. ನಾಡಿದ್ದೂ ಬಂದ. ಮೀಟರ್ ನೋಡುವ ನೆವ ಒಂದು ವಾರ ನಡೆಯಿತು, ಆಮೇಲೆ ನೆವ ಬೇಕಾಗಲಿಲ್ಲ. ಕುದಿನೀರಿನಲ್ಲಿ ನೆನೆದ ಬಾದಾಮಿಯನ್ನು ಬೆರಳಲ್ಲಿ ಒತ್ತಿ ಸಿಪ್ಪೆಯಿಂದ ಜಾರಿಸುವುದನ್ನು ಕಲಿತ. ಅವನು ಒತ್ತಿದ ಬಾದಾಮಿ ಒಮ್ಮೊಮ್ಮೆ ಹಾರಿ ಪಂಚಶೀಲಾಳ ಕೆನ್ನೆಗೆ ತಾಗುತ್ತಿತ್ತು. ಕೈ ಜಾರಿತು ಎನ್ನುತ್ತಿದ್ದ. ಕೈ ಅವಳ ಕಡೆಗೇ ಯಾಕೆ ಜಾರುತ್ತದೆ ಎಂದು ಅವಳು ಕೇಳಲಿಲ್ಲ. ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು ಅಷ್ಟೆ.

ಅವಳು ಆ ಬಾದಾಮಿ ಪುಡಿಗೆ ಬೆಣ್ಣೆ, ಸಕ್ಕರೆ, ಮೈದಾ ಸಮಸಮ ಸೇರಿಸಿ, ತಣ್ಣಗೆ ಕಲಸಿ, ಉಂಡೆ ಕಟ್ಟುತ್ತಿದ್ದಳು. ಬೆಂದ ಮೇಲೆ ಎರಡೆರಡು ಬಿಸ್ಕೀಟಿನ ನಡುವೆ ಚಾಕ್ಲೇಟ್ ಹಚ್ಚಿ ಜೋಡಿ ಮಾಡುತ್ತಿದ್ದಳು.

“ಪೂರಾ ಹೆಸರೇನು ಇದರದ್ದು?”

“ಬಾಚಿ ದಿ ದಾಮಾ.”

“ಅಂದ್ರ?”

ಅವಳು ಟ್ರೇಯಿಂದ ತಲೆ ಎತ್ತಲಿಲ್ಲ. “ಹೆಣ್ಣಿನ ಮುತ್ತು.”

“ಯಾವ ಮುತ್ತು? ಕೊಳ್ಳಾಗ ಹಾಕ್ಕೊಳ್ಳದೇನು?”

“ಹೂಂ, ಅದ.”

“ಸುಳ್ಳು ಹೇಳಾಕತ್ತಿ. ಕೊಳ್ಳಾಗಿನ ಮುತ್ತಾಗಿದ್ರ ನಿನ್ನ ಮಾರಿ ಯಾಕ ಕೆಂಪಾಕ್ಕಿತ್ತು?”

ಅವಳು ಹಿಟ್ಟಿನ ಕೈಯಿಂದಲೇ ಅವನ ಮೂಗಿನ ತುದಿಗೆ ಒಂದು ಬಿಳಿ ಚುಕ್ಕೆ ಇಟ್ಟಳು. ಅದನ್ನು ಒರೆಸಿಕೊಳ್ಳದೆಯೇ ಅವನು ಆಫೀಸಿಗೆ ಹೋದ.

ಬೇಸಿಗೆಯ ಒಂದು ಸಂಜೆ ಕೆರೆ ಏರಿಯ ಮೇಲೆ, ಮಲಗಿದ ಬುದ್ಧನಂತೆ ಕಾಣುವ ಗುಡ್ಡದ ಹಿಂದೆ ಹೊತ್ತು ಮುಳುಗುವಾಗ, ಅವನು ಮದುವೆಯ ಮಾತೆತ್ತಿದ. ಪಂಚಶೀಲಾ ಕೂಡಲೇ ಹೂಂ ಅನ್ನಲಿಲ್ಲ.

“ನಾವ್ಯಾರು ಅಂತ ಗೊತ್ತೈತಲ್ಲ ನಿನಗ?”

“ಗೊತ್ತೈತಿ.”

“ನಿಮ್ಮವ್ವಗ?”

“ಹೇಳೀನಿ,” ಎಂದ ನಿಂಗರಾಜ. “ಪ್ರತಿ ಶನಿವಾರ ನಿನ್ನ ಬಿಸ್ಕೀಟ ನಮ್ಮೂರು ಸುರಪುರಕ್ಕ ಒಯ್ತೇನಲ್ಲ, ಅದನ್ನ ತಿಂದು ‘ಎಂಥಾ ಕೈ ಗುಣ ಆ ಹುಡುಗಿದು’ ಅಂತಾಳ. ನಿನ್ನ ಕೇಳತಿರತಾಳ. ಸ್ವಲ್ಪ ತಡಿ, ನಾನ ಕರಕೊಂಡು ಹೋಗತೇನಿ.”

ಆ ಮಾತು ಅವಳಿಗೆ ಉಳಿದ ವರ್ಷಕ್ಕೆಲ್ಲ ಸಾಕಾಯಿತು. ಶುಕ್ರವಾರ ಬಂತೆಂದರೆ ಸುರಪುರದ ಡಬ್ಬಿಗೆ ಒಳ್ಳೊಳ್ಳೆಯ ಜೋಡಿಗಳನ್ನೇ ಆರಿಸುತ್ತಿದ್ದಳು. ಕಾಣದ ಹೆಂಗಸಿನ ಹಲ್ಲಿಗೆ ಗಟ್ಟಿಯಾದೀತೆಂದು ಬೆಣ್ಣೆ ಒಂದಿಷ್ಟು ಹೆಚ್ಚು ಹಾಕುತ್ತಿದ್ದಳು.

“ಅಷ್ಟು ಕೇಳಾಕಿ ಒಂದರ ಫೋನ್ ಮಾಡಬೇಕಿತ್ತಲ್ಲವ್ವ,” ಎಂದು ಪರಿಮಳಾ ಒಮ್ಮೆ ಅಂದಾಗ ಪಂಚಶೀಲಾ ತಾಯಿಯ ಮೇಲೆಯೇ ಮುನಿಸಿಕೊಂಡಳು.

ಮತ್ತೆ ಡಿಸೆಂಬರ್ ಬಂತು. ಯಾದಗಿರಿಯ ಆರ್ಡರುಗಳನ್ನೆಲ್ಲ ಕಳಿಸಿ, ಕ್ರಿಸ್‌ಮಸ್ ದಿನ ಬೆಳಿಗ್ಗೆ ಅವಳು ಇನ್ನೊಂದು ಟ್ರೇ ಬೇಯಿಸಿದಳು. ರಜೆಗೆಂದು ನಿಂಗರಾಜ ಊರಿಗೆ ಹೋಗಿದ್ದ. ತಾನೇ ಹೋಗಿ ಅವನನ್ನು ಬೆರಗುಗೊಳಿಸಬೇಕೆಂದು ನವಿಲು ಬಣ್ಣದ ಸೀರೆಯುಟ್ಟು, ಬೆಚ್ಚಗಿನ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಸುರಪುರದ ಬಸ್ಸು ಹತ್ತಿದಳು. ಹತ್ತಿಗೂಡೂರು ಕ್ರಾಸ್ ದಾಟುವಾಗ, ಹತ್ತಿ ಬಿಡಿಸುವ ಹೆಂಗಸರನ್ನು ನೋಡಿ ಸುಮ್ಮಸುಮ್ಮನೆ ನಗು ಬರುತ್ತಿತ್ತು ಅವಳಿಗೆ.

ಮನೆಯಲ್ಲಿ ಅವನ ತಾಯಿ ಚಂದ್ರಕಲಾ ಒಬ್ಬಳೇ ಇದ್ದಳು. ಶಹಾಪುರದಿಂದ ಬಂದೆ, ನಿಂಗರಾಜನ ಪರಿಚಯ ಎಂದಾಗ ಆಕೆಯ ಮುಖ ಅರಳಿತು.

“ಬಾರವ್ವಾ, ಕುಂದ್ರು. ಆಫೀಸಿನಾಕಿ ಏನು? ನಿಂಗ್ಯಾ ಪ್ಯಾಟಿಗಿ ಹೋಗ್ಯಾನ, ಈಗ ಬರತಾನ.”

ತನ್ನ ಬಗ್ಗೆ ಕೇಳಿದವಳು ತನ್ನ ಗುರುತು ಹಿಡಿಯದೆ ಇರುತ್ತಾಳೆಯೇ? ಫೋಟೋ ತೋರಿಸಿರಲಿಕ್ಕಿಲ್ಲ ಎಂದುಕೊಂಡಳು ಪಂಚಶೀಲಾ. ಹೆಸರು ಹೇಳಬೇಕೆನ್ನುವಷ್ಟರಲ್ಲಿ ಚಂದ್ರಕಲಾ ಒಳಗಿನಿಂದ ಒಂದು ತಟ್ಟೆ ತಂದಿಟ್ಟಳು.

“ತಿನ್ನವ್ವ. ನಮ್ಮ ಹುಡುಗ ಹೈದರಾಬಾದಿನಿಂದ ತರಸ್ತಾನ. ಅಬಿಡ್ಸ್‌ದಾಗ ದೊಡ್ಡ ಬೇಕರಿ ಅಂತ. ಈ ಕಡಿಯವ್ರ ಕೈಲೆ ಇಂಥವು ಆಗಂಗಿಲ್ಲ ಬಿಡು.”

ತಟ್ಟೆಯಲ್ಲಿದ್ದುದು ಅವಳದೇ ಬಿಸ್ಕೀಟು. ಹೋದ ಶುಕ್ರವಾರದ್ದು. ಆ ದಿನ ಚಾಕ್ಲೇಟ್ ತೆಳ್ಳಗಾಗಿ ಅಂಚಿಗೆ ಇಳಿದಿತ್ತು. ಚಾಕುವಿನಲ್ಲಿ ಕೆರೆದ ಗುರುತು ಕೂಡ ಹಾಗೇ ಇತ್ತು. ಏನೋ ತಪ್ಪಾಗಿದೆ, ಈಗ ಎಲ್ಲರೂ ನಗುತ್ತೇವೆ ಎಂದೇ ಅವಳು ಕಾದಳು.

“ನಿನ್ನ ಹೆಸರೇನವ್ವಾ?”

“ಪಂಚಶೀಲಾ.”

ಅವಳ ಅಜ್ಜ ಬುದ್ಧನ ದಾರಿ ಹಿಡಿದಾಗಿನಿಂದ ಆ ಮನೆಯ ಮಕ್ಕಳಿಗೆಲ್ಲ ಇಂಥ ಹೆಸರೇ. ಹೆಸರು ಕೇಳಿದ ಕೂಡಲೇ ಕೆಲವರಿಗೆ ಕೇರಿ ಗೊತ್ತಾಗಿಬಿಡುತ್ತದೆ. ಚಂದ್ರಕಲಾಳ ಮುಖದ ಮೇಲೆ ನಗು ಉಳಿದಿತ್ತು, ಆದರೆ ಒಣಗಿತ್ತು. ಒಳಗೆ ಹೋಗಿ ಚಹಾ ತಂದಳು. ತನಗೆ ಸ್ಟೀಲ್ ಲೋಟದಲ್ಲಿ, ಪಂಚಶೀಲಾಳಿಗೆ ಕಾಗದದ ಕಪ್ಪಿನಲ್ಲಿ.

ಅಷ್ಟರಲ್ಲಿ ನಿಂಗರಾಜ ಬಂದ. ಹೊಸ್ತಿಲಲ್ಲೇ ನಿಂತ.

“ಬಂದೇನೋ? ನಿಮ್ಮ ಆಫೀಸಿನಾಕಿ ಬಂದಾಳ. ಆ ಬೇಕರಿ ಹೆಸರೇನೋ, ಹೇಳು ಈಕಿಗಿ.”

ಪಂಚಶೀಲಾ ಅವನ ಮುಖ ನೋಡಿದಳು. ಹೇಳು. ಒಂದೇ ಮಾತು. ಆ ಬೇಕರಿ ಇಲ್ಲೇ ಕೂತಿದೆ ಅನ್ನು. ಆಮೇಲೆ ಏನಾದರೂ ಆಗಲಿ.

ನಿಂಗರಾಜನ ಕಣ್ಣು ಅವಳ ಮುಖದಿಂದ ತಟ್ಟೆಗೆ ಇಳಿಯಿತು.

“ಹೆಸರು ನೆನಪಿಲ್ಲವ್ವ. ಅಬಿಡ್ಸ್ ಸರ್ಕಲ್ ಹತ್ರ ಐತಿ.”

ಹೊರಗೆ ಯಾರೋ ಸೈಕಲ್ ಗಂಟೆ ಬಾರಿಸುತ್ತ ಹೋದರು. ಪಂಚಶೀಲಾ ಮಡಿಲಿನ ಡಬ್ಬಿಯನ್ನು ಮುಚ್ಚಳ ತೆಗೆದು ಆ ತಟ್ಟೆಯ ಪಕ್ಕಕ್ಕೆ ಇಟ್ಟಳು.

“ಅಮ್ಮಾರ, ಇವು ಇವತ್ತ ಮುಂಜಾನಿ ನಾ ಮಾಡಿದ್ದು. ಆ ಪ್ಲೇಟಿನ್ಯಾಗಿನವೂ ನಾ ಮಾಡಿದ್ದ. ವರ್ಷದಿಂದ ನೀವು ತಿಂದಿದ್ದೆಲ್ಲಾ ನನ್ನ ಕೈಲೇ ಆಗಿದ್ದು.”

ಚಂದ್ರಕಲಾ ಎರಡನ್ನೂ ನೋಡಿದಳು. “ಹೌದೇನೋ ನಿಂಗ್ಯಾ?”

ಅವನು ಬಾಯಿ ಬಿಡಲಿಲ್ಲ. ಆಕೆ ಒಂದೇ ಬೆರಳಿನಿಂದ ತಟ್ಟೆಯನ್ನು ತುಸು ಆಚೆ ಸರಿಸಿ ಒಳಗೆ ಹೋದಳು.

ಆ ಬೆರಳು ಪಂಚಶೀಲಾಳಿಗೆ ಹೊಸದಲ್ಲ. ಅಂಥ ಬೆರಳುಗಳನ್ನು ಚಿಕ್ಕಂದಿನಿಂದ ಕಂಡಿದ್ದಳು, ಅವುಗಳೆದುರು ತಲೆ ಎತ್ತಿ ನಡೆಯುವುದನ್ನೂ ಕಲಿತಿದ್ದಳು. ಅವಳನ್ನು ಆ ಮನೆಯಿಂದ ಎಬ್ಬಿಸಿ ಹೊರಡಿಸಿದ್ದು ಹೊಸ್ತಿಲಲ್ಲಿ ನಿಂತವನ ಮೌನ.

ಬಸ್ ಸ್ಟ್ಯಾಂಡಿನಲ್ಲಿ ಅವನು ಓಡಿಬಂದು ಎದುರಿಗೆ ನಿಂತ.

“ಒಂದ್ ಮಾತು ಕೇಳು. ಮೊದಲ ರುಚಿ ಹತ್ತಲಿ, ಹೆಸರು ಆಮ್ಯಾಲ ಹೇಳಿದ್ರಾತು ಅಂತ ಮಾಡಿದ್ದೆ. ಮೊದಲ ಹೇಳಿದ್ರ ಆಕಿ ಮುಟ್ಟತಿದ್ದಿಲ್ಲ.”

“ಆಕಿ ಮುಟ್ಟಲಿಲ್ಲಂತ ನಾ ಅಳಾಕತ್ತಿಲ್ಲ. ನೀ ನನಗೇನ ಹೇಳಿದ್ದಿ? ‘ಹೇಳೀನಿ’ ಅಂದಿ. ‘ನಿನ್ನ ಕೇಳತಾಳ’ ಅಂದಿ. ಸೀರಿ ಆರಿಸಿ ಉಟ್ಕೊಂಡು ಬಂದೀನಿ ನೋಡು, ಹುಚ್ಚಿ ಹಂಗ.”

“ಹೆದರಿದ್ದೆ, ಪಂಚಶೀಲಾ.”

“ಹೆದರೀನಿ ಅಂತ ನನಗರ ಹೇಳಬೇಕಿತ್ತಲ್ಲ. ಇಬ್ಬರೂ ಕೂಡಿ ಹೆದರತಿದ್ವಿ.”

ಬಸ್ಸು ಬಂತು. ಅವಳು ಕಿಟಕಿ ಪಕ್ಕದ ಸೀಟು ಬಿಟ್ಟು ಒಳಗಿನ ಸೀಟಿನಲ್ಲಿ ಕೂತಳು.

ಆಮೇಲೆ ಅವನ ಫೋನನ್ನು ಅವಳು ಎತ್ತಲಿಲ್ಲ. ಹೊಸ ವರ್ಷದ ಆರ್ಡರು ಒಪ್ಪಿಕೊಂಡದ್ದರಿಂದ ಒಲೆ ಬಿಡುವಂತಿರಲಿಲ್ಲ. ಒಂದು ಟ್ರೇ ಕರಕಲಾಯಿತು. ಪರಿಮಳಾ ಅದನ್ನು ಹಿತ್ತಲಿಗೆ ಚೆಲ್ಲಿ ಬಂದಳು.

ವರ್ಷದ ಕೊನೆಯ ದಿನ ಮಧ್ಯಾಹ್ನ ನಿಂಗರಾಜನೇ ಬಂದ. ಗಡ್ಡ ಬೆಳೆದಿತ್ತು. ಪಂಚಶೀಲಾ ಒಳಗೆ ಕರೆಯಲಿಲ್ಲ. ತಾನೇ ಎದ್ದು ಬಾಗಿಲಿಗೆ ಹೋದಳು.

“ಅವ್ವಗ ಎಲ್ಲಾ ಹೇಳೀನಿ. ನಿನ್ನ ಬಿಟ್ಟು ಯಾರನ್ನೂ ಮಾಡ್ಕೊಳ್ಳಂಗಿಲ್ಲ ಅಂದೀನಿ. ಆಕಿ ನನ್ನ ಕೂಡ ಮಾತು ಬಿಟ್ಟಾಳ. ಇಲ್ಲೇ ಶಹಾಪುರದಾಗ ಒಂದು ಖೋಲಿ ನೋಡೀನಿ. ರಿಜಿಸ್ಟರ್ ಮದುವಿ ಆಗೂಣು. ನೀ ಯಾವತ್ತ ಅಂತಿ ಅವತ್ತ.”

ಇಂಥ ಮಾತಿಗಾಗಿ ಅವಳು ಬೇಸಿಗೆಯಿಂದ ಕಾದಿದ್ದಳು. ಈಗ ಅದು ಕಿವಿಯವರೆಗೆ ಬಂದು ಅಲ್ಲೇ ನಿಂತಿತು.

“ನೀ ಹೇಳೋದು ಖರೇ ಅಂತ ಅನಸ್ತೈತಿ ನನಗ,” ಎಂದಳು.

“ಮತ್ತ?”

“ಅನಸ್ತೈತಿ ಅಷ್ಟ. ಗೊತ್ತಾಗವಲ್ದು. ಇನ್ನ ಮುಂದ ನೀ ಏನ ಹೇಳಿದ್ರೂ ನಾ ಒಂದು ಬಸ್ ಹತ್ತಿ ಹೋಗಿ, ಖರೇ ಏನ ಅಂತ ನೋಡಿ ಬರಬೇಕಾಕ್ಕೈತಿ. ಹಂಗ ಸಂಸಾರ ಮಾಡಾಕ ನನಗ ಬರಂಗಿಲ್ಲ.”

“ಒಂದ ಸಲ ತಪ್ಪಾತು.”

“ಒಂದ ಸಲ ಅಲ್ಲ. ಪ್ರತಿ ಶನಿವಾರ ಆಗೈತಿ.”

ಅವನು ತಲೆ ತಗ್ಗಿಸಿದ. ಅವನ ಅಂಗಿಯ ಮೇಲಿನ ಗುಂಡಿ ಹಾಕದೆ ಉಳಿದಿತ್ತು. ಹಾಕಲು ಹೋದ ತನ್ನ ಕೈಯನ್ನು ಪಂಚಶೀಲಾ ಚೌಕಟ್ಟಿಗೆ ಒತ್ತಿ ಹಿಡಿದಳು.

“ನನ್ನ ಮ್ಯಾಲ ಪ್ರೀತಿ ಇಲ್ಲೇನು ಈಗ?” ಎಂದ, ಬಹಳ ಮೆಲ್ಲಗೆ.

“ಐತಿ. ಅದಕ್ಕ ಬಾಗಿಲತನಾ ಬಂದೀನಿ.”

ಅವನು “ಆರಾಮಿರು,” ಎಂದು ಮೆಟ್ಟಿಲಿಳಿದು, ಬೈಕ್ ಶುರು ಮಾಡದೆ ತಳ್ಳಿಕೊಂಡೇ ಓಣಿಯ ತಿರುವಿನವರೆಗೆ ಹೋದ. ಅಲ್ಲಿ ಒಮ್ಮೆ ತಿರುಗಿ ನೋಡಿದ.

“ಹೋದನೇನವ್ವ?” ಎಂದಳು ಪರಿಮಳಾ ಒಳಗಿನಿಂದ.

“ಹೋದ.”

ಪಂಚಶೀಲಾ ಬಂದು ಹಿಟ್ಟಿನ ಮುಂದೆ ಕೂತಳು. ಎರಡು ಉಂಡೆ ಕಟ್ಟಿದಳು. ಮೂರನೆಯದು ಅಂಗೈಯಲ್ಲೇ ಉಳಿಯಿತು. ಪರಿಮಳಾ ಒವನ್ನಿನ ಸ್ವಿಚ್ ಆರಿಸಿ ಬಂದು, ಮಗಳ ಕೈಯನ್ನು ಹಿಟ್ಟಿನ ಸಮೇತ ತನ್ನ ಮಡಿಲಿಗೆ ಎಳೆದುಕೊಂಡಳು. ಆಗ ಪಂಚಶೀಲಾ ಅತ್ತಳು, ಸುರಪುರದಿಂದ ಈಚೆಗೆ ಮೊದಲ ಸಲ, ಗಟ್ಟಿಯಾಗಿ.

ಡಬ್ಬಿಗಳನ್ನು ಸಂಜೆಯೊಳಗೆ ಯಾದಗಿರಿಗೆ ಮುಟ್ಟಿಸಬೇಕಿತ್ತು. ಪರಿಮಳಾ ಗಡಿಯಾರದ ಕಡೆ ನೋಡಲಿಲ್ಲ.