ಛಾವಣಿಯ ಮೇಲಿನ ಅರ್ಧ ಹೆಜ್ಜೆ

ತನ್ನ ದವಡೆ ಮುರಿದವನು ಬಾಗಿಲ ಹೊರಗೆ ಚಪ್ಪಲಿ ಬಿಡುತ್ತಿರುವುದನ್ನು ಅವಳು ಕನ್ನಡಿಯಲ್ಲಿ ನೋಡಿದಳು. ಇಪ್ಪತ್ತೆರಡು ವರ್ಷವಾಗಿತ್ತು. ತಲೆ ಅರ್ಧಕ್ಕರ್ಧ ಬೆಳ್ಳಗಾಗಿದೆ, ಭುಜ ಮಾತ್ರ ಅದೇ ಭುಜ. ಹಾಳಾದ ಎದೆ ಒಮ್ಮೆ ಧಸಕ್ಕೆಂದಿತು. ಅದು ಸಿಟ್ಟಿಗೆ ಎಂದು ತನಗೆ ತಾನೇ ಹೇಳಿಕೊಂಡು ಅವಳು ಕೈಗೆ ಪಟ್ಟಿ ಸುತ್ತುವುದನ್ನು ಮುಂದುವರಿಸಿದಳು.

ಅವಳೀಗ ಫೈಟ್ ಮಾಸ್ಟರ್. ಸಿನಿಮಾದಲ್ಲಿ ಯಾರು ಯಾರಿಗೆ ಎಲ್ಲಿ ಹೊಡೆಯಬೇಕು, ಯಾವ ಗಾಜು ಯಾರ ತಲೆಯ ಮೇಲೆ ಒಡೆಯಬೇಕು, ಯಾರು ಮೆಟ್ಟಿಲಿನಿಂದ ಉರುಳಬೇಕು ಎಂದು ತೀರ್ಮಾನಿಸುವವಳು. ಹೊಸ ಚಿತ್ರದಲ್ಲಿ ಮುದಿ ರೌಡಿಯ ಬದಲಿಗೆ ಹೊಡೆದಾಡಲು ಒಬ್ಬ ಡ್ಯೂಪ್ ಬೇಕಿತ್ತು. ‘ಗೋಡೆ’ ಅಂತ ಒಬ್ಬನಿದ್ದಾನೆ, ಎಷ್ಟು ಹೊಡೆದರೂ ಅಲ್ಲಾಡದ ಆಸಾಮಿ, ಆಗುತ್ತಾನೋ ಇಲ್ಲವೋ ಸಂಜೆಯೊಳಗೆ ಹೇಳಿಬಿಡಿ ಎಂದು ಕಂಪನಿಯವರು ಕಳಿಸಿದ್ದರು. ಆ ಗೋಡೆ ಇವನೇ ಎಂದು ಅವಳಿಗೇನು ಕನಸು ಬಿದ್ದಿತ್ತೇ?

“ನಮಸ್ಕಾರ, ಮಾಸ್ಟರ್,” ಎಂದ ಅವನು. ಒಂದು ಕಾಲದಲ್ಲಿ ಅವಳನ್ನು ಬಾಯ್ತುಂಬ ‘ಸ್ಪ್ರಿಂಗು’ ಎಂದು ಕರೆಯುತ್ತಿದ್ದ ಬಾಯಿ ಅದು.

“ಮ್ಯಾಟ್ ಮೇಲೆ ಬನ್ನಿ,” ಎಂದಳು ಅವಳು.

ಸಿನಿಮಾದ ಏಟು ಮೈಗೆ ತಾಗಬಾರದು. ಗಾಳಿಗೆ ಹೊಡೆಯಬೇಕು, ಎದುರಿಗಿದ್ದವನು ಸತ್ತಂತೆ ಬೀಳಬೇಕು. ಆ ಬೆಳಿಗ್ಗೆ ಅವಳ ಏಟುಗಳೆಲ್ಲ ತಾಗಿದವು. ಪಕ್ಕೆಗೆ ಬಿತ್ತು, ಹೊಟ್ಟೆಗೆ ಬಿತ್ತು, ಮೊಣಕೈ ತಿರುವಿ ಕೊಟ್ಟಿದ್ದಕ್ಕೆ ತುಟಿ ಒಡೆದು ರಕ್ತ ಗಲ್ಲಕ್ಕಿಳಿಯಿತು. ಅವನು ತೋಳಿನಲ್ಲಿ ಒರೆಸಿಕೊಂಡು, ನೆಲದ ಮೇಲಿನ ತನ್ನ ಸೀಮೆಸುಣ್ಣದ ಗುರುತಿಗೆ ವಾಪಸು ಬಂದು ನಿಂತ. ಮತ್ತೆ ಹೊಡೆದಳು, ಅವನು ಮತ್ತೆ ಬಂದು ನಿಂತ.

“ನಿಮ್ಮ ಕೈ ಸ್ವಲ್ಪ ಕೆಳಗಿಳಿದಿದೆ, ಮಾಸ್ಟರ್. ಮುಂಚೆ ಕಿವಿ ಹತ್ರ ಬರ್ತಿತ್ತು.”

“ಮುಂಚೆ ಗುರಿ ತಪ್ತಿತ್ತು. ಈಗ ತಪ್ಪಲ್ಲ.”

ಅವನ ಕಣ್ಣಿನ ಅಂಚಿನಲ್ಲಿ ಸಣ್ಣ ನೆರಿಗೆಯೊಂದು ಮೂಡಿ ಮಾಯವಾಯಿತು. ನಗು ತಡೆದುಕೊಂಡಾಗ ಅವನಿಗೆ ಹಾಗಾಗುತ್ತದೆ ಎಂದು ಅವಳಿಗೆ ಇನ್ನೂ ನೆನಪಿತ್ತು. ನೆನಪಿದ್ದದ್ದಕ್ಕೆ ಇನ್ನಷ್ಟು ಸಿಟ್ಟು ಬಂದು, ಮುಂದಿನ ಏಟನ್ನು ಸ್ವಲ್ಪ ಜೋರಾಗಿಯೇ ಕೊಟ್ಟಳು.

ಅವಳ ಅಣ್ಣನ ಮಗಳು ತಾಲೀಮು ಹಾಲ್‌ನ ಮೂಲೆಯಲ್ಲಿ ಹಳೇ ಟೀವಿ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಯಾರೂ ಮುಟ್ಟದ ಹಳೆಯ ವಿಡಿಯೋ ಗೇಮ್‌ಗಳನ್ನು ಹುಡುಕಿ ತಂದು ಆಡುವುದು, ಬಾಯಿಗೆ ಬಂದಂತೆ ಬೈಯುವುದು, ಅದನ್ನು ವಿಡಿಯೋ ಮಾಡಿ ಹಾಕುವುದು ಅವಳ ಹುಚ್ಚು. ಗುದ್ದುಗಳ ಸದ್ದಿನಲ್ಲಿ ಯಾವುದು ಟೀವಿಯದ್ದು, ಯಾವುದು ಅತ್ತೆಯದ್ದು ಎಂದು ಅವಳಿಗೂ ಗೊತ್ತಾಗದೆ ಆಗಾಗ ತಿರುಗಿ ನೋಡುತ್ತಿದ್ದಳು.

ಏಟು ಕೊಡುವ ಸರದಿ ಅವನಿಗೆ ಬಂತು. ಅವಳ ಮುಖದ ಕಡೆಗೆ ಬೀಸಬೇಕು, ಕೆನ್ನೆಯ ಪಕ್ಕದಲ್ಲಿ ಮುಷ್ಟಿ ಹಾದುಹೋಗಬೇಕು, ಅಷ್ಟೇ. ಅವನು ಬೀಸಿದ. ಕೈ ಅರ್ಧದಾರಿಯಲ್ಲೇ ನಿಂತುಬಿಟ್ಟಿತು. ಇನ್ನೊಮ್ಮೆ ಎಂದಳು, ಇನ್ನೊಮ್ಮೆಯೂ ಅದೇ ಕಥೆ. ಇಪ್ಪತ್ತೆರಡು ವರ್ಷದಿಂದ ಯಾವ ಫೈಟಿನಲ್ಲೂ ಹೊಡೆಸಿಕೊಳ್ಳುವ ಕೆಲಸ ಬಿಟ್ಟು ಹೊಡೆಯುವ ಕೆಲಸ ಒಪ್ಪಿಕೊಂಡಿಲ್ಲ, ಅದಕ್ಕೇ ಗೋಡೆ ಅನ್ನುತ್ತಾರೆ, ಈ ಸಲ ಮಾಡಿಯೇನು ಅಂದುಕೊಂಡಿದ್ದೆ ಎಂದು ಅವನು ತಲೆ ತಗ್ಗಿಸಿ ಹೇಳಿದ.

“ಅವತ್ತು ನಿಲ್ಲದ ಕೈ ಇವತ್ತು ಯಾಕೆ ನಿಲ್ತಿದೆ?” ಎಂದಳು ಅವಳು.

ಅವನು ಬಾಯಿ ತೊಳೆಯಲು ಹೊರಗಿನ ನಲ್ಲಿಗೆ ಹೋದ. ಕಂಪನಿಗೆ ‘ಆಗೋದಿಲ್ಲ’ ಎಂದು ಫೋನ್ ಮಾಡಿದರೆ ಮುಗಿಯಿತು. ಅವಳು ಫೋನ್ ಕೈಗೆತ್ತಿಕೊಂಡಳು, ಆದರೆ ಒತ್ತಲಿಲ್ಲ. ಅವನು ಬೇಕಂತಲೇ ಹೊಡೆದನೇ ಎಂಬ ಒಂದು ಪ್ರಶ್ನೆ ಇಷ್ಟು ವರ್ಷವೂ ಮುಳ್ಳಾಗಿ ಚುಚ್ಚುತ್ತಿತ್ತು. ಅದನ್ನು ಕೇಳದೆ ಅವನನ್ನು ಮತ್ತೆ ಕಳಿಸಿಬಿಡುವುದು ಹೇಗೆ?

ಆಗ ಇಬ್ಬರೂ ಡ್ಯೂಪ್‌ಗಳು. ಅವಳು ನಾಯಕಿಗೆ, ಅವನು ಖಳನಿಗೆ. ಉರಿಯುವ ಗಿರಣಿಯ ಛಾವಣಿಯ ಮೇಲೆ ಕೊನೆಯ ಫೈಟು. ಬೆಳಿಗ್ಗೆ ಮೇಕಪ್ ಕೋಣೆಯ ಹೊರಗೆ ಅವನು, ಮದುವೆ ಆಗ್ತೀಯಾ ಎಂದು ಕೇಳಿದ್ದ. ಸತಾಯಿಸುವ ಖುಷಿಗೆ ಅವಳು, ಶಾಟ್ ಮುಗೀಲಿ ಹೇಳ್ತೀನಿ ಎಂದಿದ್ದಳು. ಶಾಟ್ ಮುಗಿಯಲಿಲ್ಲ. ಛಾವಣಿಗೆ ಹತ್ತಿದ್ದು ನೆನಪಿದೆ, ಹೊಗೆ ನೆನಪಿದೆ, ಆಮೇಲೆ ಆಸ್ಪತ್ರೆ. ಬಾಯಿಗೆ ತಂತಿ ಬಿಗಿದಿದ್ದರು, ಕೆನ್ನೆಯೊಳಗೆ ಲೋಹದ ಪಟ್ಟಿ ಕೂರಿಸಿದ್ದರು. ನಡುವಿನದು ತಲೆಯಿಂದ ಅಳಿಸಿಹೋಗಿತ್ತು. ಉತ್ತರ ಕೊಡಲಿಲ್ಲವೆಂಬ ಸಿಟ್ಟಿಗೆ ನಿಜವಾಗಿಯೇ ಹೊಡೆದನಂತೆ, ತಪ್ಪು ತನ್ನದೇ ಅಂತ ಒಪ್ಪಿಕೊಂಡನಂತೆ ಎಂದು ಎಲ್ಲರೂ ಹೇಳಿದರು. ಅವತ್ತಿನ ಫೈಟ್ ಮಾಸ್ಟರ್ ಅವಳ ಅಣ್ಣನೇ. ಅವನು ಆಸ್ಪತ್ರೆಯ ವರಾಂಡದಲ್ಲೇ ಇವನನ್ನು ಕೆಡವಿ ತುಳಿದು, ಬಲಗೈಯ ಎರಡು ಬೆರಳು ಮುರಿದು ಓಡಿಸಿದ್ದ. ಅಣ್ಣ ಈಗಿಲ್ಲ. ಅವನು ಮುರಿದ ಬೆರಳುಗಳು ಇವತ್ತಿಗೂ ಸೊಟ್ಟಗೇ ಇದ್ದದ್ದನ್ನು ಅವಳು ಬೆಳಿಗ್ಗೆಯೇ ಗಮನಿಸಿದ್ದಳು.

“ಅತ್ತೆ, ಇಲ್ಲಿ ಬನ್ನಿ, ಈ ಗೇಮಿನ ಪೆದ್ದಿನ ನೋಡಿ,” ಎಂದು ಅಣ್ಣನ ಮಗಳು ಕರೆದಳು. “ನಿಮ್ಮ ಆ ಗಿರಣಿ ಸಿನಿಮಾ ಇದೆಯಲ್ಲ, ಅದರ ಗೇಮು. ಇದರಷ್ಟು ಬೈಸಿಕೊಂಡ ಗೇಮು ಇನ್ನೊಂದಿಲ್ಲ.”

ಆ ಸಿನಿಮಾದ ಹೆಸರು ಕೇಳಿದರೇ ಅವಳಿಗೆ ಮೈ ಉರಿಯುತ್ತಿತ್ತು. ಸಿನಿಮಾ ಓಡಿತ್ತು, ಗೇಮು ಮಕಾಡೆ ಮಲಗಿತ್ತು. ಕೊಂಡ ಮಕ್ಕಳು ಅತ್ತು ರಂಪ ಮಾಡಿ ವಾಪಸು ಮಾಡಿದ್ದರು, ಅಂಗಡಿಗಳಲ್ಲಿ ರಾಶಿ ಬಿದ್ದಿತ್ತು. ಕಾರಣವನ್ನು ಹುಡುಗಿ ಆಡಿ ತೋರಿಸಿದಳು. ಆಟವಿಡೀ ಹೊಡೆದು ಬಡಿದು ಹೇಗೋ ಕೊನೆಯ ಛಾವಣಿ ತಲುಪಬಹುದು. ಅಲ್ಲಿ ಖಳ ಎದುರಾದ ತಕ್ಷಣ ನಾಯಕಿ, ಯಾವ ಬಟನ್ ಒತ್ತಿದರೂ ಕೇಳದೆ, ತಾನಾಗಿ ಅರ್ಧ ಹೆಜ್ಜೆ ಮುಂದಿಡುತ್ತಾಳೆ. ಕೈ ಚಾಚುತ್ತಾಳೆ. ಅವನ ಮುಷ್ಟಿ ಅವಳ ಮುಖಕ್ಕೆ ಬಡಿಯುತ್ತದೆ, ಪರದೆ ಕೆಂಪಾಗುತ್ತದೆ, ಆಟ ಮುಗಿಯುತ್ತದೆ.

“ಸಿನಿಮಾದವರು ಕತ್ತರಿಸದ ರೀಲನ್ನೇ ಕೊಟ್ಟುಬಿಟ್ಟಿದ್ರಂತೆ,” ಎಂದಳು ಹುಡುಗಿ. “ಗೇಮಿನವರು ಅದರ ಒಂದೊಂದೇ ಚಿತ್ರದ ಮೇಲೆ ಗೆರೆ ಎಳೆದು ಗೇಮಿನ ಗೊಂಬೆಗಳ ಮೈ ಕುಣಿಸಿದ್ದಾರೆ. ಬೇಕಾದ್ದು ಯಾವುದು, ಬೇಡದ್ದು ಯಾವುದು ಅಂತ ಅವರಿಗೇನು ಗೊತ್ತು.”

ಆ ಶಾಟ್ ಸಿನಿಮಾದಲ್ಲಿ ಉಳಿದಿರಲಿಲ್ಲ. ಬೇರೊಬ್ಬಳನ್ನು ನಿಲ್ಲಿಸಿ ಮತ್ತೆ ತೆಗೆದಿದ್ದರು. ತಪ್ಪೊಪ್ಪಿಕೊಂಡವನು ಎದುರಿಗೇ ಇರುವಾಗ ರೀಲು ಹಾಕಿ ನೋಡುವ ಗೋಜಿಗೆ ಯಾರು ಹೋಗುತ್ತಾರೆ? ಅವಳು ಹುಡುಗಿಯ ಕೈಯಿಂದ ಗೇಮಿನ ರಿಮೋಟು ಕಿತ್ತುಕೊಂಡು ತಾನೇ ಆಡತೊಡಗಿದಳು. ಮುಷ್ಟಿ, ಕೆಂಪು. ಮತ್ತೆ ಮುಷ್ಟಿ, ಮತ್ತೆ ಕೆಂಪು. ತನ್ನದೇ ದವಡೆ ಮುರಿಯುವುದನ್ನು ಅವಳು ಕಣ್ಣು ಮಿಟುಕಿಸದೆ ನೋಡಿದಳು.

ಆಮೇಲೆ ಮುಖ ಬಿಟ್ಟು ಕಾಲು ನೋಡಿದಳು. ಫೈಟ್ ಮಾಸ್ಟರ್ ನೋಡಬೇಕಾದದ್ದು ಕಾಲನ್ನೇ. ಖಳನ ಹಿಮ್ಮಡಿ ಛಾವಣಿಯ ಅಂಚಿನಲ್ಲಿ ಜಾರಿತು. ಪರದೆಯ ಎರಡು ಚುಕ್ಕೆಯಷ್ಟು ಮಾತ್ರ. ಆಡಿದವರೆಲ್ಲ ಅದನ್ನು ಚಿತ್ರ ಬರೆದವನ ಸೋಮಾರಿತನ ಅಂದುಕೊಂಡಿರಬೇಕು. ಕಾಲು ಜಾರಿದ್ದಕ್ಕೇ ಅವಳು ಗುರುತು ಬಿಟ್ಟು ಮುಂದೆ ಬಂದಿದ್ದಳು, ಅವನನ್ನು ಹಿಡಿಯಲು. ಅವನು ಬೀಸಿದ್ದು ಏಟಲ್ಲ. ಬೀಳುವ ಮನುಷ್ಯ ಆಸರೆಗೆ ಎಸೆದ ಕೈ ಅದು. ಅವಳ ಕೈಯಿಂದ ರಿಮೋಟು ಜಾರಿ ಬಿತ್ತು.

ಅವನು ಒದ್ದೆ ಮುಖದಲ್ಲಿ ಬಾಗಿಲ ಬಳಿ ನಿಂತು ಟೀವಿಯನ್ನೇ ನೋಡುತ್ತಿದ್ದ.

“ಗೊತ್ತಿತ್ತಾ?”

“ಹೂಂ.”

“ಮತ್ಯಾಕೆ ಬಾಯಿ ಬಿಡ್ಲಿಲ್ಲ?”

ಅವನು ತೋಳಿನಲ್ಲಿ ಮುಖ ಒರೆಸಿಕೊಂಡ. “ಗುರುತು ಬಿಟ್ಟವರು ಯಾರು ಅಂತ ನಿಮ್ಮಣ್ಣ ಕೇಳಿದ್ರು. ನಾನೇ ಅಂದೆ. ಗುರುತು ಬಿಟ್ಟೋರನ್ನ ಅವರು ಮತ್ತೆ ಫೈಟಿಗೆ ಸೇರಿಸ್ತಿರಲಿಲ್ಲ, ತಂಗಿ ಆದ್ರೂ ಸರಿ. ಅದಿಲ್ಲದೆ ನೀನು ಬದುಕ್ತಿದ್ಯಾ, ಸ್ಪ್ರಿಂಗು?”

ಅವಳು ನೆಟ್ಟಗೆ ಹೋಗಿ ಅವನ ಎದೆಗೆ ಗುದ್ದಿದಳು. ಬೆಳಿಗ್ಗೆಯ ಏಟುಗಳಿಗೆ ಲೆಕ್ಕಾಚಾರವಿತ್ತು, ಇದಕ್ಕೆ ಇರಲಿಲ್ಲ. ಗೋಡೆ ಮೊದಲ ಸಲ ಹಿಂದಕ್ಕೆ ಸರಿದ.

“ನನ್ನ ಕೆಲಸ ಉಳಿಸ್ದೆ. ನನ್ನನ್ನ ಒಂದು ಮಾತು ಕೇಳಿದ್ಯಾ? ನೀನು ಹೊಡೆದೆ ಅಂತ ನಂಬ್ಕೊಂಡು ನಾನು ಹೆಂಗೆ ಬದುಕಿದೆ ಅಂತ ಗೊತ್ತಾ ನಿಂಗೆ?” ಅವಳ ದನಿ ಒಡೆಯಿತು. ಅವಳಿಗೆ ಅವನನ್ನು ಕೊಂದುಬಿಡಬೇಕು ಅನ್ನಿಸಿತು, ತಬ್ಬಿಕೊಳ್ಳಬೇಕು ಅನ್ನಿಸಿತು, ಯಾವುದು ಮೊದಲು ಎಂದು ಗೊತ್ತಾಗಲಿಲ್ಲ.

ಅವನು ಸೊಟ್ಟ ಬೆರಳುಗಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ. ಅವಳು ಮೂಗು ಒರೆಸಿಕೊಂಡು ಮ್ಯಾಟಿನ ಮೇಲೆ ತನ್ನ ಗುರುತಿಗೆ ಹೋದಳು.

“ಬಾ ಇಲ್ಲಿ. ಆ ಶಾಟ್ ಬಾಕಿ ಇದೆ.”

“ಆಗಲ್ಲ ಕಣೇ.”

“ಬೀಸು ಅಂದೆ.”

ಅವನು ಬಂದು ನಿಂತ, ಉಸಿರೆಳೆದುಕೊಂಡು ಬೀಸಿದ. ಈ ಸಲ ಕೈ ನಡುವೆ ನಿಲ್ಲಲಿಲ್ಲ. ಮುಷ್ಟಿ ಬರುತ್ತಿರುವುದನ್ನು ಅವಳು ಕಣ್ಣು ಬಿಟ್ಟುಕೊಂಡೇ ನೋಡಿದಳು, ನೋಡುತ್ತಲೇ ಅರ್ಧ ಹೆಜ್ಜೆ ಮುಂದಿಟ್ಟಳು. ಮೂಲೆಯಲ್ಲಿ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು. ಇವತ್ತು ನೆಲ ಜಾರುತ್ತಿರಲಿಲ್ಲ. ಕೊನೆಯ ಗಳಿಗೆಯಲ್ಲಿ ಮುಷ್ಟಿ ಬಿಚ್ಚಿಕೊಂಡಿತು. ಸೊಟ್ಟ ಬೆರಳುಗಳ ಆ ಅಂಗೈ ಅವಳ ಕೆನ್ನೆಯ ಮೇಲೆ, ಲೋಹದ ಪಟ್ಟಿ ಇದ್ದ ಜಾಗದಲ್ಲೇ ಬಂದು ಕೂತಿತು. ಅದು ಬೆಚ್ಚಗಿತ್ತು, ಇನ್ನೂ ಸ್ವಲ್ಪ ಒದ್ದೆಯಾಗಿತ್ತು.

ಅವಳು ಆ ಕೈಯನ್ನು ಅಲ್ಲೇ ಒತ್ತಿ ಹಿಡಿದುಕೊಂಡಳು.

“ಶಾಟ್ ಮುಗೀತಾ?” ಎಂದಳು.

“ಮುಗೀತು.”

“ಹಾಗಾದ್ರೆ ಕೇಳಿಸ್ಕೋ. ಅವತ್ತೂ ಹೂಂ ಅಂತಲೇ ಹೇಳೋಳಿದ್ದೆ.”